ಆನ್ನಾ ಮಾಗ್ಡಲೇನಾ ಬಾಖ್ ನೋಟ್‌ಬುಕ್: ಪಿಯಾನೋ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯಾನೋ ಕಲಿಯುವವರಿಗೆ ಮೊದಲ ಒಂದೆರಡು ವರ್ಷದೊಳಗೆ ಈ ನೋಟ್‌ಬುಕ್‌ನ ಒಂದಾದರೂ ರಚನೆ ಎದುರಾಗುತ್ತದೆ. ಸಾಮಾನ್ಯವಾಗಿ ಅದು ಜಿ ಮೇಜರ್ ಮಿನುಯೆಟ್, ಅಂದರೆ ಮೂರು ಪೆಟ್ಟಿನ ಒಂದು ಕುಣಿತದ ರಚನೆ. ಅದನ್ನು ಕಲಿಯುವ ಮಕ್ಕಳು, ಅವರ ಅಪ್ಪ ಅಮ್ಮ, ಕೆಲಸ ಮುಗಿಸಿ ಬಂದು ಕೀಬೋರ್ಡ್ ಮುಂದೆ ಕೂರುವ ದೊಡ್ಡವರು ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪೂರ್ತಿ ಓದಬೇಕೆಂದಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಪುಸ್ತಕದ ಬಗ್ಗೆ

ಇದು ಯಾರ ನೋಟ್‌ಬುಕ್? ಬಾಖ್ ಬರೆದ ಪಠ್ಯಪುಸ್ತಕವಾ?

ಪಠ್ಯಪುಸ್ತಕ ಅಲ್ಲ, ಒಂದು ಮನೆಯ ಸಂಗೀತದ ಪುಸ್ತಕ. ಜರ್ಮನಿಯ ರಚನಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ತನ್ನ ಎರಡನೇ ಹೆಂಡತಿ ಆನ್ನಾ ಮಾಗ್ಡಲೇನಾಳಿಗೆ ಕೊಟ್ಟದ್ದು. ಆಕೆ 1701ರಲ್ಲಿ ಹುಟ್ಟಿದವಳು. ಕೋಥನ್ ಆಸ್ಥಾನದಲ್ಲಿ ಸಂಬಳ ಪಡೆಯುತ್ತಿದ್ದ ಗಾಯಕಿ. 1721ರ ಡಿಸೆಂಬರ್‌ನಲ್ಲಿ ಮದುವೆಯಾದಾಗ ಮನೆಯಲ್ಲಿ ಬಾಖ್‌ನ ಮೊದಲ ಹೆಂಡತಿಯ ಮಕ್ಕಳಿದ್ದರು. ಆಮೇಲೆ ಆಕೆಗೇ 13 ಮಕ್ಕಳಾದರು, ಅವರಲ್ಲಿ 7 ಮಂದಿ ಚಿಕ್ಕಂದಿನಲ್ಲೇ ತೀರಿಕೊಂಡರು.

ನೋಟ್‌ಬುಕ್‌ಗಳು ಎರಡಿವೆ. 1722ರದ್ದರಲ್ಲಿ ಉಳಿದಿರುವುದು ಸ್ವಲ್ಪವೇ, ಅದರಲ್ಲಿ ಜಾಸ್ತಿ ಇರುವುದು ಬಾಖ್‌ನ ಫ್ರೆಂಚ್ ಸೂಟ್‌ಗಳ (ಕುಣಿತದ ರಚನೆಗಳ ಸರಣಿಗಳ) ಮೊದಲ ರೂಪ. ನಾವು ನುಡಿಸುವ ಪುಟ್ಟ ರಚನೆಗಳಿರುವುದು 1725ರದ್ದರಲ್ಲಿ. ಅದರ ರಟ್ಟಿನ ಮೇಲೆ ಚಿನ್ನದ ಬಣ್ಣದಲ್ಲಿ ಆಕೆಯ ಹೆಸರಿನ ಮೊದಲಕ್ಷರಗಳೂ ಇಸವಿಯೂ ಇವೆ. ಈಗ ಅದು ಬರ್ಲಿನ್‌ನ ಸ್ಟೇಟ್ ಲೈಬ್ರರಿಯಲ್ಲಿದೆ. ಒಳಗಿನ ಬಹುಪಾಲು ಬರಹ ಆಕೆಯ ಕೈಯದ್ದು. ನಡುನಡುವೆ ಗಂಡನ ಕೈಬರಹವಿದೆ, ಮಕ್ಕಳದ್ದೂ ಇದೆ. ಕೊನೆಯ ಕಡೆ ಬಾಸ್ (ಕೆಳಗಿನ) ಸ್ವರಗಳ ಮೇಲೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಕಟ್ಟುವುದು ಹೇಗೆ ಎಂಬ ನಿಯಮಗಳನ್ನೂ ಬರೆದಿಟ್ಟಿದ್ದಾರೆ. ಕಲಿಕೆ, ಹಾಡು, ಕುಣಿತ ಎಲ್ಲವೂ ಒಂದೇ ಪುಸ್ತಕದಲ್ಲಿದ್ದ ಮನೆ ಅದು.

ಜಿ ಮೇಜರ್ ಮಿನುಯೆಟ್ ಬಾಖ್ ಬರೆದದ್ದೇ ಅಲ್ಲ ಅಂತಾರೆ. ನಿಜಾನಾ?

ನಿಜ. ಅದನ್ನು ರಚಿಸಿದವರು ಕ್ರಿಸ್ಟಿಯನ್ ಪೆಟ್ಸೋಲ್ಡ್. ಡ್ರೆಸ್ಡನ್‌ನಲ್ಲಿ ಆರ್ಗನ್ ನುಡಿಸುತ್ತಿದ್ದವರು, 1733ರಲ್ಲಿ ತೀರಿಕೊಂಡರು. ನೋಟ್‌ಬುಕ್‌ನಲ್ಲಿ ಆ ಮಿನುಯೆಟ್‌ಗೆ ಯಾರ ಹೆಸರನ್ನೂ ಬರೆದಿರಲಿಲ್ಲ. ಬಾಖ್ ಮನೆಯ ಪುಸ್ತಕ ಅಂದ ಮೇಲೆ ಬಾಖ್‌ನದ್ದೇ ಇರಬೇಕು ಅಂತ ಜನ ನಂಬಿಬಿಟ್ಟರು. ಪೆಟ್ಸೋಲ್ಡ್ ಹೆಸರು ಗಟ್ಟಿಯಾದದ್ದು 1970ರ ದಶಕದಲ್ಲಿ. ಇವತ್ತಿಗೂ ಎಷ್ಟೋ ಪುಸ್ತಕಗಳಲ್ಲಿ ಹಳೆಯ ಹೆಸರೇ ಇದೆ.

ಇದೊಂದೇ ಅಲ್ಲ. ಡಿ ಮೇಜರ್ ಮಾರ್ಚ್ (ಹೆಜ್ಜೆ ಹಾಕುವ ನಡೆಯ ರಚನೆ) ಬಾಖ್‌ನ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್ ಹುಡುಗನಾಗಿದ್ದಾಗ ಬರೆದದ್ದು. 'ಬಿಸ್ಟ್ ಡು ಬೈ ಮಿಯರ್' ಹಾಡು ಗಾಟ್‌ಫ್ರೀಡ್ ಹೈನ್‌ರಿಖ್ ಸ್ಟೋಲ್ಸೆಲ್‌ರದ್ದು. ಒಂದು ರಚನೆ ಫ್ರಾನ್ಸಿನ ಕೂಪ್ರಾ ಅವರದ್ದು. ಹಲವು ಮಿನುಯೆಟ್‌ಗಳನ್ನು, ಪೊಲೊನೇಸ್ ಎಂಬ ಪೋಲಿಷ್ ಕುಣಿತಗಳನ್ನು ಯಾರು ಬರೆದರೋ ಇವತ್ತಿಗೂ ತಿಳಿದಿಲ್ಲ. ನಿಮ್ಮ ಪುಸ್ತಕದಲ್ಲಿ ಬಿಡಬ್ಲ್ಯೂವಿ (ಬಾಖ್ ಕೃತಿಪಟ್ಟಿ) ಸಂಖ್ಯೆಯ ಜೊತೆ 'ಅನ್‌ಹಾಂಗ್' ಅಂತ ಇದ್ದರೆ ಅದು ಆ ಪಟ್ಟಿಯ ಅನುಬಂಧಕ್ಕೆ ಸೇರಿದ್ದು ಅಂತ ಅರ್ಥ. ಜಿ ಮೇಜರ್ ಮಿನುಯೆಟ್ ಅನ್‌ಹಾಂಗ್ 114.

ಬಾಖ್‌ನದ್ದಲ್ಲ ಅಂದ ಮಾತ್ರಕ್ಕೆ ಅದರ ಬೆಲೆ ಕಡಿಮೆಯಾಗಬೇಕಾ? ಆ ಮನೆಯವರು ತಮಗೆ ಇಷ್ಟವಾದದ್ದನ್ನು ಕೈಯಾರೆ ಬರೆದುಕೊಂಡರು. ಆಯ್ಕೆ ಅವರದ್ದು, ಅಷ್ಟು ಸಾಕು. ಮಕ್ಕಳಿಗೆ ಕಲಿಸುವಾಗ ಮಾತ್ರ ಪೆಟ್ಸೋಲ್ಡ್ ಹೆಸರು ಹೇಳಿ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಅವರಿಗೆ ಸಿಗದೆ ಹೋದ ಮನ್ನಣೆ ಅದು.

ಇದರಲ್ಲಿರೋದೆಲ್ಲಾ ಸುಲಭದವಾ?

ಅಲ್ಲ. ಪುಸ್ತಕ ತೆರೆದರೆ ಮೊದಲು ಸಿಗುವುದೇ ಎ ಮೈನರ್, ಇ ಮೈನರ್ ಪಾರ್ಟಿತಾಗಳು, ಅವೂ ಸೂಟ್‌ಗಳೇ. ವರ್ಷಗಟ್ಟಲೆ ಕಲಿತವರಿಗೂ ಅವು ಸವಾಲು. ಫ್ರೆಂಚ್ ಸೂಟ್‌ಗಳ ಭಾಗಗಳಿವೆ, ಧ್ವನಿಗೆ ಬರೆದ ಹಾಡುಗಳಿವೆ. ಅಂಗಡಿಯಲ್ಲಿ 'ಸುಲಭ ರಚನೆಗಳು' ಅಂತ ಸಿಗುವುದು ಇದರಿಂದ ಆರಿಸಿದ ಮಿನುಯೆಟ್, ಮಾರ್ಚ್, ಪೊಲೊನೇಸ್, ಮ್ಯೂಸೆಟ್‌ಗಳು ಮಾತ್ರ. ಇಡೀ ನೋಟ್‌ಬುಕ್ ಬೇಕಾ, ಆಯ್ದ ಭಾಗ ಬೇಕಾ ಅಂತ ನೋಡಿ ತೆಗೆದುಕೊಳ್ಳಿ.

ಆ ಕಾಲದಲ್ಲಿ ಪಿಯಾನೋ ಇತ್ತಾ?

ಇತ್ತು, ಆದರೆ ಆಗಷ್ಟೇ ಹುಟ್ಟಿತ್ತು. ಫ್ಲಾರೆನ್ಸ್‌ನಲ್ಲಿ ಕ್ರಿಸ್ಟೋಫೊರಿ ಸುಮಾರು 1700ರ ಹೊತ್ತಿಗೆ ಮೊದಲ ಪಿಯಾನೋ ಮಾಡಿದ್ದರು. ಬಾಖ್ ಕಾಲದ ಮನೆಗಳಲ್ಲಿ ನುಡಿಯುತ್ತಿದ್ದುದು ಹಾರ್ಪ್ಸಿಕಾರ್ಡ್ ಮತ್ತು ಕ್ಲಾವಿಕಾರ್ಡ್. ಹಾರ್ಪ್ಸಿಕಾರ್ಡ್‌ನಲ್ಲಿ ಕೀಲಿ ಒತ್ತಿದರೆ ಅದು ತಂತಿಯನ್ನು ಮೀಟುತ್ತದೆ. ಕೀಲಿಯನ್ನು ಎಷ್ಟು ಜೋರಾಗಿ ಒತ್ತಿದರೂ ದನಿ ಹೆಚ್ಚುಕಡಿಮೆ ಅಷ್ಟೇ. ಕ್ಲಾವಿಕಾರ್ಡ್ ತುಂಬಾ ಮೆತ್ತಗೆ ನುಡಿಯುತ್ತದೆ, ಆದರೆ ಬೆರಳಿನ ಒತ್ತಡಕ್ಕೆ ಸ್ಪಂದಿಸುತ್ತದೆ. ಇದು ಗೊತ್ತಿದ್ದರೆ ಮುಂದಿನ ಎಷ್ಟೋ ಪ್ರಶ್ನೆಗಳು ಅರ್ಧ ಬಗೆಹರಿದ ಹಾಗೆ.

## ಶುರು ಮಾಡುವವರಿಗೆ

ನನ್ನ ಹತ್ತಿರ 61 ಕೀ ಇರೋ ಕೀಬೋರ್ಡ್ ಇದೆ. ಸಾಕಾ?

ಈ ಪುಟ್ಟ ರಚನೆಗಳಿಗೆ ಧಾರಾಳವಾಗಿ ಸಾಕು. ಆ ಕಾಲದ ವಾದ್ಯಗಳ ಹರವು ನಾಲ್ಕರಿಂದ ಐದು ಆಕ್ಟೇವ್ (ಒಂದು ಸ್ವರದಿಂದ ಅದೇ ಹೆಸರಿನ ಮುಂದಿನ ಸ್ವರದವರೆಗೆ ಒಂದು ಆಕ್ಟೇವ್), ನಿಮ್ಮದೂ ಐದು. ಕೀಲಿಗಳು ಪೂರ್ಣ ಅಗಲದವಾಗಿರಲಿ, ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳಿಸುವಂಥದ್ದಾಗಿರಲಿ. ಮಕ್ಕಳ ಆಟಿಕೆಯ ಕಿರು ಕೀಲಿಗಳಲ್ಲಿ ಬೆರಳಿಗೆ ತಪ್ಪು ಅಳತೆ ಕೂತುಬಿಡುತ್ತದೆ, ಅದು ಬೇಡ. ಎರಡು ವರ್ಷ ಬಿಡದೆ ನುಡಿಸಿದ ಮೇಲೆ ತೂಕದ ಕೀಲಿಗಳಿರುವ ಡಿಜಿಟಲ್ ಪಿಯಾನೋ ಬಗ್ಗೆ ಯೋಚಿಸಿ. ನಿಜವಾದ ಪಿಯಾನೋ ಕೊಳ್ಳುವವರು ಕರಾವಳಿ, ಮಲೆನಾಡಿನಲ್ಲಿದ್ದರೆ ಮಳೆಗಾಲದ ತೇವವನ್ನೂ ಲೆಕ್ಕಕ್ಕೆ ತಗೊಳ್ಳಿ. ಮರ ಉಬ್ಬುತ್ತದೆ, ಶ್ರುತಿ ಇಳಿಯುತ್ತದೆ ಇಲ್ಲವೇ ಏರುತ್ತದೆ.

ಯಾವುದರಿಂದ ಶುರು ಮಾಡಲಿ? ಎಲ್ಲರೂ ಜಿ ಮೇಜರ್ ಮಿನುಯೆಟ್ ಅಂತಾರೆ.

ನಾನು ಅದನ್ನು ಮೊದಲು ಕೊಡುವುದಿಲ್ಲ. ಕೇಳಲು ಸರಳ, ಆದರೆ ಎರಡನೇ ಅರ್ಧದಲ್ಲಿ ಎರಡೂ ಕೈಗೆ ಸಾಕಷ್ಟು ಕೆಲಸವಿದೆ. ಡಿ ಮೈನರ್ ಮಿನುಯೆಟ್‌ನಿಂದ ಶುರು ಮಾಡಿ, ಅದು ಅನ್‌ಹಾಂಗ್ 132. ಒಂದು ಪುಟ ತುಂಬುವುದಿಲ್ಲ. ಆಮೇಲೆ ಜಿ ಮೇಜರ್. ಅದು ಚೆನ್ನಾಗಿ ಕೂತ ಮೇಲೆ ಡಿ ಮೇಜರ್ ಮ್ಯೂಸೆಟ್, ಅನ್‌ಹಾಂಗ್ 126. ಮ್ಯೂಸೆಟ್ ಅಂದರೆ ಚರ್ಮದ ಚೀಲಕ್ಕೆ ಗಾಳಿ ತುಂಬಿ ನುಡಿಸುವ ಫ್ರೆಂಚ್ ವಾದ್ಯ. ಅದಕ್ಕೇ ಎಡಗೈ ಶ್ರುತಿ ಹಿಡಿದ ಹಾಗೆ ಕೆಳಗಿನ ಡಿ, ಮೇಲಿನ ಡಿ ಅಂತ ಬಿಡದೆ ತೂಗುತ್ತದೆ. ನಡುವೆ ಎರಡೂ ಕೈ ಒಂದೇ ಸ್ವರಗಳನ್ನು ಹಿಡಿದು ಒಟ್ಟಿಗೆ ಇಳಿಯುತ್ತವೆ. ಮಕ್ಕಳಿಗೆ ಆ ಜಾಗ ಬಲು ಇಷ್ಟ. ಎಡಗೈಗೆ ಒಂದು ಆಕ್ಟೇವ್ ಅಗಲ ಬೇಕು, ತೀರಾ ಪುಟ್ಟ ಕೈಗಳು ಸ್ವಲ್ಪ ಕಾಯಲಿ. ಆಮೇಲೆ ಡಿ ಮೇಜರ್ ಮಾರ್ಚ್, ಜಿ ಮೈನರ್ ಪೊಲೊನೇಸ್.

ಮಗಳಿಗೆ ಏಳು ವರ್ಷ. ನನಗೆ ನಲವತ್ತೈದು. ಇಬ್ಬರೂ ಇದನ್ನೇ ಕಲಿಯಬಹುದಾ?

ಖಂಡಿತ. ಈ ನೋಟ್‌ಬುಕ್ ಇದ್ದದ್ದೇ ಹಾಗೆ. ದೊಡ್ಡ ಗಾಯಕಿಯೂ ಚಿಕ್ಕ ಮಕ್ಕಳೂ ಒಂದೇ ಪುಟ ತಿರುವಿದ್ದಾರೆ. ಮಗಳ ಬೆರಳು ಬೇಗ ಕಲಿಯುತ್ತದೆ, ನಿಮಗೆ ಬರವಣಿಗೆ ಬೇಗ ಅರ್ಥವಾಗುತ್ತದೆ. ಒಬ್ಬರು ಬಲಗೈ, ಒಬ್ಬರು ಎಡಗೈ ಹಂಚಿಕೊಂಡು ನುಡಿಸಿ ನೋಡಿ. ಬರೀ ಎಡಗೈ ಸ್ವರಗಳಲ್ಲೇ ಒಂದು ಪೂರ್ತಿ ರಾಗ ಇದೆ ಅಂತ ಆಗ ಕಿವಿಗೆ ಬೀಳುತ್ತದೆ.

ಬಣ್ಣದ ಪಟ್ಟಿಗಳು ಮೇಲಿಂದ ಬೀಳುವ ವಿಡಿಯೊ ನೋಡಿ ಕಲಿತರೆ ಏನು ತಪ್ಪು?

ಯಾವ ಕೀಲಿ, ಯಾವಾಗ ಅಂತ ಅದು ತೋರಿಸುತ್ತದೆ. ವಾಕ್ಯ ಎಲ್ಲಿ ಮುಗಿಯಿತು, ಯಾವ ಬೆರಳು, ಎಲ್ಲಿ ಉಸಿರು ಬಿಡಬೇಕು ಅನ್ನುವುದನ್ನು ತೋರಿಸುವುದಿಲ್ಲ. ಒಂದು ಮಿನುಯೆಟ್ ಹಾಗೆ ಕಲಿತರೆ ಎರಡನೆಯದಕ್ಕೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಇಷ್ಟು ಚಿಕ್ಕ, ಸ್ಪಷ್ಟ ರಚನೆಗಳು ಸ್ಟಾಫ್ ನೊಟೇಶನ್ (ಐದು ಗೆರೆಗಳ ಸಂಗೀತ ಲಿಪಿ) ಓದುವುದನ್ನು ಕಲಿಯಲು ಹೇಳಿ ಮಾಡಿಸಿದಂಥವು. ದಿನಕ್ಕೆ ಎರಡು ಬಾರ್ (ಎರಡು ಉದ್ದಗೆರೆಗಳ ನಡುವಿನ ಭಾಗ) ಓದಿದರೂ ಸಾಕು.

ಬಲಗೈ ಬರುತ್ತೆ, ಎಡಗೈ ಬರುತ್ತೆ, ಎರಡೂ ಸೇರಿಸಿದರೆ ಎಲ್ಲಾ ಕಲಸಿಹೋಗುತ್ತೆ.

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಿ ಮೇಜರ್ ಮಿನುಯೆಟ್‌ನ ಮೊದಲ 8 ಬಾರ್ ತೆಗೆದುಕೊಳ್ಳಿ. ಬಲಗೈ ಒಂದು ಉದ್ದ ಸ್ವರ, ನಾಲ್ಕು ಓಡುವ ಸ್ವರ ಅಂತ ಸಾಗುತ್ತದೆ. ಎಡಗೈ ಮೊದಲ ಬಾರ್‌ನಲ್ಲಿ ಒಂದು ಕಾರ್ಡ್ ಹಿಡಿದು ಎ ಮುಟ್ಟುತ್ತದೆ. ಆಮೇಲೆ ಬಾರ್‌ಗೆ ಒಂದೇ ಸ್ವರ: ಬಿ, ಸಿ, ಬಿ, ಎ, ಜಿ. ಅಂದರೆ 2ರಿಂದ 6ನೇ ಬಾರ್‌ವರೆಗೆ ಎಡಗೈ ಮೆಟ್ಟಿಲು ಹತ್ತಿ ಇಳಿಯುತ್ತದೆ, ಬೇರೇನೂ ಇಲ್ಲ. 7ನೇ ಬಾರ್‌ನಲ್ಲಿ ಡಿ, ಬಿ, ಜಿ ಅಂತ ಮೂರು ಹೆಜ್ಜೆ. 8ರಲ್ಲಿ ಬಲಗೈ ನಿಂತುಬಿಡುತ್ತದೆ, ಎಡಗೈ ಓಡಿ ಮತ್ತೆ ಶುರುವಿಗೆ ದಾರಿ ಮಾಡಿಕೊಡುತ್ತದೆ.

ಹೀಗೆ ನೋಡಿದರೆ ಕೈಗಳು ಜಗಳವಾಡುತ್ತಿಲ್ಲ, ಸರದಿ ಬಿಟ್ಟುಕೊಡುತ್ತಿವೆ ಅಲ್ವಾ? ಅಭ್ಯಾಸವನ್ನೂ ಹಾಗೇ ಮಾಡಿ. ಎಡಗೈ ನುಡಿಸುತ್ತಾ ಬಲಗೈ ರಾಗವನ್ನು ಬಾಯಲ್ಲಿ ಹಾಡಿ. ಆಮೇಲೆ ಎರಡೂ ಕೈ, ಬಾರ್‌ನ ಮೊದಲ ಪೆಟ್ಟು ಮಾತ್ರ. ಅದು ಸಲೀಸಾದ ಮೇಲೆ ನಡುವಿನ ಸ್ವರಗಳನ್ನು ತುಂಬಿ. ಒಂದು ಬಾರ್ ನುಡಿಸಿದರೆ ಮುಂದಿನ ಬಾರ್‌ನ ಮೊದಲ ಸ್ವರದ ಮೇಲೆ ನಿಲ್ಲಿಸಿ, ಬಾರ್‌ನ ಕೊನೆಯಲ್ಲಿ ಅಲ್ಲ. ಎಡವುವುದು ಸಾಮಾನ್ಯವಾಗಿ ಗೆರೆ ದಾಟುವ ಜಾಗದಲ್ಲೇ. ಪ್ರತಿಸಲ ಮೊದಲಿನಿಂದ ಶುರು ಮಾಡುವ ಅಭ್ಯಾಸ ಬಿಡಿ. ಅದರಿಂದ ಮೊದಲ ಸಾಲು ಮಾತ್ರ ಚೆನ್ನಾಗಿ ಬರುತ್ತದೆ.

## ನುಡಿಸಲು ಬಂದ ಮೇಲೆ

ಸ್ವರ ಎಲ್ಲಾ ಸರಿ ಇದೆ, ಆದರೂ ಟೈಪ್ ಮಾಡಿದ ಹಾಗೆ ಕೇಳಿಸುತ್ತೆ. ಯಾಕೆ?

ಮಿನುಯೆಟ್ ಕುಣಿತ ಅನ್ನುವುದು ಮರೆತುಹೋಗಿರುತ್ತದೆ. ಬಾರ್‌ಗೆ ಮೂರು ಪೆಟ್ಟು ನಿಜ, ಆದರೆ ಕುಣಿಯುವವರ ಒಂದು ಪೂರ್ತಿ ಹೆಜ್ಜೆಗೆ ಎರಡು ಬಾರ್ ಬೇಕು. ಹಾಗಾಗಿ ಮೂರಲ್ಲ, ಆರು ಎಣಿಸಿ. ಎರಡು ಬಾರ್ ಒಂದು ಉಸಿರು. ಮೂರನೇ ಪೆಟ್ಟಿಗೆ ಎಂದೂ ತೂಕ ಹಾಕಬೇಡಿ.

ಇನ್ನೊಂದು, ಸ್ವರಗಳ ಉದ್ದ. ಎಲ್ಲವನ್ನೂ ಅಂಟಿಸಿ ನುಡಿಸಿದರೆ ಮಂಕಾಗುತ್ತದೆ, ಎಲ್ಲವನ್ನೂ ಕತ್ತರಿಸಿದರೆ ಒರಟಾಗುತ್ತದೆ. ಓಡುವ ಸ್ವರಗಳನ್ನು ಕೂಡಿಸಿ, ಒಂದೊಂದು ಪೆಟ್ಟಿನ ಸ್ವರಗಳನ್ನು ಸ್ವಲ್ಪ ಬಿಡಿಸಿ. ಎರಡನೇ ಬಾರ್‌ನಲ್ಲಿ ಡಿ, ಜಿ, ಜಿ ಬರುತ್ತದಲ್ಲ, ಆ ಎರಡು ಜಿಗಳ ನಡುವೆ ಗಾಳಿ ಆಡಲಿ. ಅಷ್ಟೇ ಬದಲಾವಣೆಗೆ ರಚನೆ ಎದ್ದು ನಿಲ್ಲುತ್ತದೆ.

ನನ್ನ ಪುಸ್ತಕದಲ್ಲಿ ಫೋರ್ಟೆ (ಜೋರಾಗಿ), ಪಿಯಾನೋ (ಮೆಲ್ಲಗೆ), ಸ್ಲರ್ (ಸ್ವರ ಕೂಡಿಸುವ ಗೆರೆ) ಗುರುತು ಎಲ್ಲಾ ಇವೆ. ಗೆಳೆಯನ ಪುಸ್ತಕದಲ್ಲಿ ಏನೂ ಇಲ್ಲ. ಯಾವುದು ಸರಿ?

ಗೆಳೆಯನದ್ದು ಮೂಲಕ್ಕೆ ಹತ್ತಿರ. ಕೈಬರಹದಲ್ಲಿ ಅಂಥ ಗುರುತುಗಳು ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ಪುಸ್ತಕದಲ್ಲಿರುವುದನ್ನು ಯಾರೋ ಸಂಪಾದಕರು ಆಮೇಲೆ ಸೇರಿಸಿದ್ದಾರೆ. ಕಲಿಯುವವರಿಗೆ ನೆರವಾಗಲಿ ಅಂತ ಸೇರಿಸಿದ್ದು, ತಪ್ಪೇನಿಲ್ಲ, ಆದರೆ ಅದನ್ನು ಆಜ್ಞೆ ಅಂತ ತಿಳಿಯಬೇಡಿ. 'ಉರ್‌ಟೆಕ್ಸ್ಟ್' ಅಂತ ಬರೆದಿರುವ ಆವೃತ್ತಿಗಳು ಮೂಲವನ್ನಷ್ಟೇ ಕೊಡಲು ನೋಡುತ್ತವೆ. ಹೆನ್ಲೆ, ಬೇರೆನ್‌ರೈಟರ್ ಪ್ರಕಾಶನದವರ ಪುಸ್ತಕಗಳು ಆ ಬಗೆಯವು. ಐಎಂಎಸ್‌ಎಲ್‌ಪಿ ತಾಣದಲ್ಲಿ ಹಳೆಯ ಆವೃತ್ತಿಗಳು ಉಚಿತವಾಗಿ ಸಿಗುತ್ತವೆ.

ಪೆಡಲ್ ಒತ್ತಬಹುದಾ?

ಮಿನುಯೆಟ್, ಮಾರ್ಚ್‌ಗಳಿಗೆ ಬೇಡ. ಬೆರಳೇ ಸ್ವರವನ್ನು ಹಿಡಿಯಲಿ.

ಪುನರಾವರ್ತನೆ ಚಿಹ್ನೆ ಇದ್ದಲ್ಲೆಲ್ಲಾ ಎರಡು ಸಲ ನುಡಿಸಲೇಬೇಕಾ?

ನುಡಿಸಿ. ಪರೀಕ್ಷೆಗಳಲ್ಲಿ ಸಮಯ ಉಳಿಸಲು ಬಿಡಿಸುತ್ತಾರೆ, ಮನೆಯಲ್ಲಿ ಬಿಡಬೇಡಿ. ಇಂಥ ರಚನೆಗಳ ಅರ್ಧ ಸುಖ ಎರಡನೇ ಸಲದಲ್ಲಿದೆ. ಮೊದಲ ಸಲ ಇದ್ದ ಹಾಗೆ ಹೇಳಿ, ಎರಡನೇ ಸಲ ಸ್ವಲ್ಪ ಮೆಲ್ಲಗೆ, ಅಥವಾ ಒಂದೆರಡು ಅಲಂಕಾರ ಸೇರಿಸಿ. ಇನ್ನೊಂದು ಸಂಗತಿ: ಜಿ ಮೇಜರ್ ಮಿನುಯೆಟ್‌ಗೆ ಒಂದು ಜೋಡಿ ಇದೆ, ಜಿ ಮೈನರ್‌ನ ಅನ್‌ಹಾಂಗ್ 115. ಅದೂ ಪೆಟ್ಸೋಲ್ಡ್‌ರದ್ದೇ. ಮೇಜರ್ ನುಡಿಸಿ, ಮೈನರ್ ನುಡಿಸಿ, ಮತ್ತೆ ಮೇಜರ್‌ಗೆ ಬನ್ನಿ. ಬೆಳಕಿನಿಂದ ನೆರಳಿಗೆ ಹೋಗಿ ಬಂದ ಮೇಲೆ ಅದೇ ಹಳೆಯ ರಾಗ ಬೇರೆಯೇ ಕೇಳಿಸುತ್ತದೆ. ಎಲ್ಲರಿಗೂ ಗೊತ್ತಿರುವ ಒಂದನ್ನು ನುಡಿಸಿ, ಅದರ ಜೋಡಿಯನ್ನು ಮುಟ್ಟದೇ ಬಿಡುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಸ್ವರದ ಮೇಲಿನ ಆ ಪುಟ್ಟ ಅಲೆಯಂಥ ಚಿಹ್ನೆ ಹೇಗೆ ನುಡಿಸೋದು?

ಬಾಖ್ 1720ರಲ್ಲಿ ಹಿರಿಮಗ ವಿಲ್ಹೆಲ್ಮ್ ಫ್ರೀಡೆಮಾನ್‌ಗೆ ಇಂಥದ್ದೇ ಇನ್ನೊಂದು ಪುಸ್ತಕ ಶುರು ಮಾಡಿದ. ಅದರಲ್ಲಿ ಅಲಂಕಾರಗಳ ಒಂದು ಪಟ್ಟಿ ಬರೆದು, ಪ್ರತಿಯೊಂದನ್ನೂ ಬಿಡಿಸಿ ತೋರಿಸಿದ್ದಾನೆ. ಅದರ ಪ್ರಕಾರ ಬರೀ ಅಲೆ ಅಂದರೆ ಟ್ರಿಲ್, ಪಕ್ಕಪಕ್ಕದ ಎರಡು ಸ್ವರ ಬೇಗ ಬೇಗ ಬದಲಾಗುವುದು. ಅದು ಮೇಲಿನ ಸ್ವರದಿಂದ ಶುರುವಾಗುತ್ತದೆ. ಅಲೆಗೆ ಅಡ್ಡಗೆರೆ ಇದ್ದರೆ ಅದು ಮಾರ್ಡೆಂಟ್: ಮುಖ್ಯ ಸ್ವರ, ಕೆಳಗಿನದು, ಮತ್ತೆ ಮುಖ್ಯ ಸ್ವರ. ಎರಡೂ ಪೆಟ್ಟಿನ ಮೇಲೇ ಬರಬೇಕು, ಪೆಟ್ಟಿಗೆ ಮುಂಚೆ ಅಲ್ಲ. ಬೆರಳು ತಡವರಿಸಿದರೆ ಅಲಂಕಾರ ಬಿಟ್ಟು ಕಲಿಯಿರಿ, ಆಮೇಲೆ ಸೇರಿಸಿ. ತಾಳ ಕೆಡುವುದಕ್ಕಿಂತ ಅಲಂಕಾರ ಇಲ್ಲದಿರುವುದೇ ಮೇಲು.

ಅದೇ ಪುಸ್ತಕದಲ್ಲಿ ಬಾಖ್ ಸ್ವತಃ ಬೆರಳ ಸಂಖ್ಯೆ ಹಾಕಿದ ಒಂದು ಪಾಠವಿದೆ. ಅಲ್ಲಿ ಬಲಗೈ ಏರುವಾಗ ಹೆಬ್ಬೆರಳನ್ನು ತೂರಿಸುವ ಬದಲು 3, 4, 3, 4 (ನಡುಬೆರಳು, ಉಂಗುರ ಬೆರಳು) ಅಂತ ಬೆರಳನ್ನು ಬೆರಳ ಮೇಲೆ ದಾಟಿಸುತ್ತದೆ. ಒಮ್ಮೆ ಹಾಗೆ ನುಡಿಸಿ ನೋಡಿ. ಸ್ವರಗಳು ಎರಡೆರಡಾಗಿ ತಾವೇ ಜೋಡಿಯಾಗುತ್ತವೆ.

## ಇನ್ನೂ ಒಳಗೆ ಹೋಗುವವರಿಗೆ

ನಾನು ಕರ್ನಾಟಕ ಸಂಗೀತ ಕಲಿತವಳು. ಅದು ಇಲ್ಲಿ ಉಪಯೋಗಕ್ಕೆ ಬರುತ್ತಾ, ಅಡ್ಡ ಬರುತ್ತಾ?

ತುಂಬಾ ಉಪಯೋಗಕ್ಕೆ ಬರುತ್ತದೆ. ಜಿ ಅನ್ನು ಷಡ್ಜ ಮಾಡಿಕೊಳ್ಳಿ, ಮೇಜರ್ ಸ್ಕೇಲ್ ನಿಮ್ಮ ಶಂಕರಾಭರಣದ ಸ್ವರಗಳೇ. ಮಿನುಯೆಟ್ ಹೀಗೆ ಶುರುವಾಗುತ್ತದೆ: ಪ, ಸರಿಗಮ, ಪ ಸ ಸ. ಆಮೇಲೆ ದ, ಮಪದನಿ, ಮೇಲಿನ ಸ, ಕೆಳಗೆ ಸ ಸ. ಆಮೇಲೆ ಮ, ಪಮಗರಿ, ಗ, ಮಗರಿಸ. 8ನೇ ಬಾರ್ ರಿಷಭದ ಮೇಲೆ ನಿಲ್ಲುತ್ತದೆ, ಪ್ರಶ್ನೆ ಕೇಳಿದ ಹಾಗೆ. 16ನೇ ಬಾರ್ ಷಡ್ಜಕ್ಕೆ ಬಂದು ಉತ್ತರ ಕೊಡುತ್ತದೆ. ಹಾಡಿ ನೋಡಿ, ಐದು ನಿಮಿಷದಲ್ಲಿ ಬಾಯಿಗೆ ಬರುತ್ತದೆ. ಪಾಶ್ಚಾತ್ಯ ರಾಗಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಾಹಿತ್ಯ ಕಟ್ಟಿದ ನೊಟ್ಟುಸ್ವರಗಳನ್ನು ನೀವು ಹಾಡಿದ್ದರೆ ಈ ನೆಲ ಹೊಸದೇನಲ್ಲ.

ಎಚ್ಚರ ಬೇಕಾದ್ದು ಎರಡನೇ ಅರ್ಧದಲ್ಲಿ. 20ನೇ ಬಾರ್‌ನಲ್ಲಿ ಸಿ ಶಾರ್ಪ್ ಬರುತ್ತದೆ. ನಿಮ್ಮ ಕಿವಿಗೆ ಅದು ಪ್ರತಿ ಮಧ್ಯಮ, ಕಲ್ಯಾಣಿ ಅನಿಸಬಹುದು. ಆದರೆ ನಡೆಯುತ್ತಿರುವುದು ಬೇರೆ. ಆಧಾರವೇ ಪಂಚಮಕ್ಕೆ ಜರುಗುತ್ತಿದೆ. 24ನೇ ಬಾರ್‌ಗೆ ಡಿಯೇ ಮನೆ ಆಗಿಬಿಟ್ಟಿರುತ್ತದೆ. ಆಮೇಲೆ ಶುದ್ಧ ಮಧ್ಯಮ ಮರಳಿ ಬಂದು ಜಿಗೆ ಕರೆತರುತ್ತದೆ. ತಂಬೂರಿ ಹಾಕಿಕೊಂಡು ಇದನ್ನು ಅಭ್ಯಾಸ ಮಾಡಿದರೆ ಆ ಜಾಗದಲ್ಲಿ ಹೊಂದುವುದೇ ಇಲ್ಲ, ಕಾರಣ ಇದೇ.

ಇದು ನಮ್ಮ ಸಂಗೀತ ಅಲ್ಲ, ನಮಗ್ಯಾಕೆ ಅಂತ ಮನೆಯಲ್ಲಿ ಕೇಳ್ತಾರೆ. ಏನು ಹೇಳಲಿ?

ಜಯಚಾಮರಾಜೇಂದ್ರ ಒಡೆಯರ್ ಅವರ ಹೆಸರು ಹೇಳಿ. 'ಶ್ರೀವಿದ್ಯಾ' ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಮೈಸೂರಿನ ಮಹಾರಾಜರು ಪಿಯಾನೋವನ್ನೂ ಶ್ರದ್ಧೆಯಿಂದ ಕಲಿತಿದ್ದರು. ರಷ್ಯಾದಿಂದ ಹೋಗಿ ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ರಚನಕಾರರ ಸಂಗೀತವನ್ನು ಜಗತ್ತು ಮರೆಯುತ್ತಿದ್ದಾಗ, ಅದನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು ಅವರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಂಚೆರ್ಟೊವನ್ನು (ವಾದ್ಯವೃಂದದ ಜೊತೆ ಪಿಯಾನೋ ನುಡಿಸುವ ರಚನೆ) ಒಡೆಯರ್ ಅವರಿಗೆ ಅರ್ಪಿಸಿದರು. ಎರಡೂ ಸಂಗೀತ ಒಬ್ಬರ ಮನಸ್ಸಿನಲ್ಲಿ ಹಾಯಾಗಿ ಇರಬಲ್ಲವು.

ಆನ್ನಾ ಮಾಗ್ಡಲೇನಾ ತಾನೇ ಏನಾದರೂ ರಚಿಸಿದ್ದಾಳಾ?

ಹಾಗಂತ ತೋರಿಸುವ ಗಟ್ಟಿ ಪುರಾವೆ ಇಲ್ಲ. ಚೆಲ್ಲೋ ಸೂಟ್‌ಗಳನ್ನು ಬರೆದವಳು ಅವಳೇ ಎಂಬ ವಾದ ಕೆಲವು ವರ್ಷ ಓಡಾಡಿತು, ಬಾಖ್ ವಿದ್ವಾಂಸರು ಒಪ್ಪಲಿಲ್ಲ. ಆದರೆ ಅವಳ ಕೆಲಸ ಚಿಕ್ಕದಲ್ಲ. ಚೆಲ್ಲೋ ಸೂಟ್‌ಗಳ ಬಾಖ್ ಕೈಬರಹದ ಪ್ರತಿ ಉಳಿದಿಲ್ಲ. ಇವತ್ತು ಆ ಸಂಗೀತ ನಮಗೆ ಸಿಕ್ಕಿರುವುದಕ್ಕೆ ಆಕೆ ಮಾಡಿಟ್ಟ ಪ್ರತಿ ಮುಖ್ಯ ಆಧಾರಗಳಲ್ಲಿ ಒಂದು. ಗಂಡ 1750ರಲ್ಲಿ ತೀರಿಕೊಂಡ ಮೇಲೆ ಆಕೆ ಲೈಪ್ಸಿಗ್‌ನಲ್ಲಿ ಬಡತನದಲ್ಲಿ, ದಾನದ ಹಣದಲ್ಲಿ ಬದುಕಿ 1760ರಲ್ಲಿ ಕಣ್ಣು ಮುಚ್ಚಿದಳು. ಆಕೆಯ ಹೆಸರಿನ ಪುಸ್ತಕ ನುಡಿಸುವವರು ಇದನ್ನು ತಿಳಿದಿರಬೇಕು.

ಇದರಲ್ಲಿ ಕೊನೆಗೆ ಮುಟ್ಟಬೇಕಾದ್ದು ಯಾವುದು?

ಎರಡು. ಒಂದು ಸಿ ಮೇಜರ್ ಪ್ರೆಲ್ಯೂಡ್. ಪೂರ್ತಿ ಬಿಡಿಸಿದ ಕಾರ್ಡ್‌ಗಳೇ, ಬೆರಳಿಗೆ ಕಷ್ಟವಿಲ್ಲ, ಸಮವಾಗಿ ನುಡಿಸುವುದೇ ಕಷ್ಟ. ಮೊದಲು ಪ್ರತಿ ಬಾರ್‌ನ ಸ್ವರಗಳನ್ನು ಒಟ್ಟಿಗೆ ಒತ್ತಿ ಕಾರ್ಡ್ ಆಗಿ ಕಲಿಯಿರಿ. ಇನ್ನೊಂದು, ಆರಿಯಾ, ಅಂದರೆ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್ ಎಂಬ ಕೃತಿ ಶುರುವಾಗುವ ರಚನೆ. ನೋಟ್‌ಬುಕ್‌ನಲ್ಲಿ ಖಾಲಿ ಉಳಿದಿದ್ದ ಪುಟಗಳಲ್ಲಿ ಆನ್ನಾ ಮಾಗ್ಡಲೇನಾ ಅದನ್ನು ಬರೆದಿಟ್ಟಿದ್ದಾಳೆ. ನಿಧಾನ ಇದೆ ಅಂತ ಸುಲಭ ಅಂದುಕೊಳ್ಳಬೇಡಿ, ಅಲಂಕಾರಗಳು ತುಂಬಿವೆ. ಅವಸರ ಬೇಡ.

ಇದು ಮುಗಿದ ಮೇಲೆ ಯಾವ ಪುಸ್ತಕ?

ಬಾಖ್ ಹಿಡಿಸಿದ್ದರೆ ಅವನ ಪುಟ್ಟ ಪ್ರೆಲ್ಯೂಡ್‌ಗಳು, ಆಮೇಲೆ 1723ರ ಎರಡು ಧ್ವನಿಯ ಇನ್ವೆನ್ಶನ್‌ಗಳು. ಎಡಗೈ ಬಲಗೈಗೆ ಸಮನಾಗುವುದು ಅಲ್ಲೇ. ಬೇರೆ ಬಣ್ಣ ಬೇಕಿದ್ದರೆ ಶೂಮನ್ 1848ರಲ್ಲಿ ಬರೆದ ಕಿರಿಯರ ಆಲ್ಬಮ್ ಇದೆ, 43 ರಚನೆ. ಹಿರಿಮಗಳು ಮಾರಿಯ ಏಳನೇ ಹುಟ್ಟುಹಬ್ಬಕ್ಕೆ ಅಂತ ಶುರುವಾದದ್ದು ಅಷ್ಟಾಗಿ ಬೆಳೆಯಿತು. ಚೈಕೋವ್‌ಸ್ಕಿ 1878ರಲ್ಲಿ 24 ರಚನೆಗಳ ಅಂಥದ್ದೇ ಆಲ್ಬಮ್ ಮಾಡಿ ಅಕ್ಕರೆಯ ಸೋದರಳಿಯನಿಗೆ ಅರ್ಪಿಸಿದರು. ಬೆರಳು ಚುರುಕಾಗಬೇಕಿದ್ದರೆ ಬುರ್ಗ್‌ಮ್ಯುಲರ್‌ರ ಓಪಸ್ 100, ಅದರಲ್ಲಿ 25 ಪುಟ್ಟ ಎಟ್ಯೂಡ್‌ಗಳು (ಅಭ್ಯಾಸದ ರಚನೆಗಳು), ಪ್ರತಿಯೊಂದಕ್ಕೂ ಒಂದು ಹೆಸರು. ಹಳ್ಳಿ ಹಾಡು ಇಷ್ಟಪಡುವವರಿಗೆ ಬಾರ್ಟೋಕ್ ಹಂಗೇರಿ, ಸ್ಲೊವಾಕಿಯಾದ ಜನಪದ ರಾಗಗಳಿಂದ ಮಕ್ಕಳಿಗಾಗಿ ಮಾಡಿದ ಸಂಗ್ರಹ. ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಡಿ. ಒಂದನ್ನು ಆರಿಸಿಕೊಳ್ಳಿ. ಮಿನುಯೆಟ್‌ಗಳನ್ನು ಮಾತ್ರ ಮರೆಯದೆ ವಾರಕ್ಕೊಮ್ಮೆ ನುಡಿಸುತ್ತಿರಿ.